ಸದ್ದಿಗೂ ಒಂದು ಕೇರಿ

ಸದ್ದಿಗೆ ಜಾತಿಯಿಲ್ಲ ಅಂತಾರೆ ಸಂಗೀತ ಬಲ್ಲವರು. ಕಿವಿಗೆ ಬಿದ್ದದ್ದು ಎದೆಗೆ ಇಳಿಯುತ್ತೆ, ಅಷ್ಟೇ ಅಂತಾರೆ. ಹಾಗಾದರೆ ಒಂದೇ ತಮಟೆ ಊರಿನವರ ಕಿವಿಗೆ 'ಯಾರದೋ ಹೆಣ ಬಿತ್ತು' ಅಂತಲೂ, ನಮ್ಮ ಕಿವಿಗೆ 'ಇವತ್ತು ಅಪ್ಪ ಕೂಲಿಗೆ ಹೋಗಂಗಿಲ್ಲ, ಬಿಟ್ಟಿ ಬಡೀಬೇಕು' ಅಂತಲೂ ಯಾಕೆ ಕೇಳುತ್ತೆ?

ಕೇಶಿರಾಜನನ್ನು ಓದಿ ಪಾಸಾದವರು ನಾವು, ನಮ್ಮ ಮನೆಗಳಲ್ಲಿ ಮೊದಲಿಗರು. 13ನೇ ಶತಮಾನದ ಆ ವ್ಯಾಕರಣಕಾರ, ಶಬ್ದ ಹೊಕ್ಕುಳಲ್ಲಿ ಕಹಳೆಯ ಹಾಗೆ ಹುಟ್ಟುತ್ತೆ, ಅದರ ಬಣ್ಣ ಬಿಳುಪು ಎಂದ. ನಾವು ಕೇಳಿ ಬೆಳೆದ ಶಬ್ದಕ್ಕೆ ತೊಗಲಿನ ಬಣ್ಣ. ಹುಲ್ಲು ಹೊತ್ತಿಸಿ, ಚರ್ಮ ಕಾಸಿ, ಬೆರಳಲ್ಲಿ ತಟ್ಟಿ ಬಿಗಿ ನೋಡಿ ಕೋಲು ಹಿಡಿಯುತ್ತಿದ್ದ ನಮ್ಮಪ್ಪಂದಿರ ಹೊಕ್ಕುಳಲ್ಲಿ ಹುಟ್ಟುತ್ತಿದ್ದದ್ದು ಹಸಿವು. ಅದು ಯಾವ ಸೂತ್ರಕ್ಕೂ ಸಿಗಲಿಲ್ಲ.

5ನೇ ಶತಮಾನದ ಆರಂಭದಲ್ಲಿ ಚೀನಾದಿಂದ ಬಂದ ಫಾಹಿಯಾನ್ ಬರೆದಿಟ್ಟಿದ್ದಾನೆ: ಚಂಡಾಲರು ಪಟ್ಟಣಕ್ಕೆ ಕಾಲಿಡುವಾಗ ಮರದ ತುಂಡು ಬಡಿಯುತ್ತಿದ್ದರಂತೆ, ಉಳಿದವರು ದೂರ ಸರಿಯಲಿ ಅಂತ. ಆ ಸದ್ದಿಗೆ ಯಾವ ರಸ ಅಂತೀರಿ, ಪಂಡಿತರೇ? ಅತ್ತ ವೇದ ಕೇಳಿದ ಶೂದ್ರನ ಕಿವಿಗೆ ತವರ, ಅರಗು ಕಾಸಿ ಹೊಯ್ಯಿರಿ ಅನ್ನುತ್ತೆ ಗೌತಮ ಧರ್ಮಸೂತ್ರ. ನಾವು ಸದ್ದು ಮಾಡದೆ ಬಂದರೂ ತಪ್ಪು, ಅವರ ಸದ್ದು ಕೇಳಿಸಿಕೊಂಡರೂ ತಪ್ಪು.

ಸದ್ದೇ ಮಾಡದ ವಸ್ತುಗಳೂ ನಮಗೆ ಕೇಳುತ್ತವೆ. ಗೌಡರ ಬೀದಿಯಲ್ಲಿ ನಮ್ಮ ತಾತಂದಿರು ಕೈಯಲ್ಲಿ ಹಿಡಿದು ದಾಟಿದ ಚಪ್ಪಲಿ ಸದ್ದು ಮಾಡಲಿಲ್ಲ. ಹೊಲಿದವರು ನಾವೇ, ಚರಚರ ಅನ್ನಿಸೋ ಹಕ್ಕು ಮಾತ್ರ ಅವರದು. ಸೂರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪು ಮಾತಾಡಲ್ಲ. ಆದರೂ ಇವತ್ತು ಪಟ್ಟಣದ ಹೋಟ್ಲಲ್ಲಿ ಮೇಜಿನ ಮೇಲೆ ಲೋಟ ಟಣ್ ಅಂದರೆ ಸಾಕು, ಆ ಚಿಪ್ಪೇ ನೆನಪಿಗೆ ಬರುತ್ತೆ. ಬಾವಿಯ ರಾಟೆಯಲ್ಲಿ ಹಾಡು ಕೇಳಿಸಿಕೊಳ್ಳೋ ಕವಿಗಳು, ದೂರದಲ್ಲಿ ಬರಿಗೊಡ ಇಟ್ಟು ಕಾದ ನಮ್ಮವ್ವಂದಿರನ್ನು ಒಮ್ಮೆ ಕೇಳಲಿ: ಆ ರಾಟೆ ಎಷ್ಟು ಸಲ ತಿರುಗಿದ ಮೇಲೆ ಯಾರಿಗೋ ಮನಸ್ಸು ಬಂದು ಒಂದು ಕೊಡ ನೀರು ಹೊಯ್ದರು ಅಂತ.

ಈಗ ನಮ್ಮೊಳಗಿನ ಜಗಳ. ತಮಟೆ ಸುಟ್ಟುಬಿಡೋಣ, ಅದು ಚಾಕರಿಯ ಗುರುತು ಅನ್ನೋ ಗೆಳೆಯರಿದ್ದಾರೆ. ಅವರ ಸಿಟ್ಟು ನಮ್ಮದೂ ಹೌದು. ಇನ್ನು ಕೆಲವರು, 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತಲ್ಲ, ಇನ್ನೇನು ಬೇಕು ಅಂತಾರೆ. ಬಂತು, ಸಂತೋಷ. ಆ ಕೈಗಳಿಗೆ ಸಲ್ಲಬೇಕಾದದ್ದೇ. ಆದರೆ ಉತ್ಸವದಲ್ಲಿ ಚಪ್ಪಾಳೆ ತಟ್ಟಿದವನೇ ಊರಲ್ಲಿ ಹೆಣ ಬಿದ್ದಾಗ 'ಬಡಿಯೋಕೆ ಬಾರ್ಲಾ' ಅಂತ ಕೇರಿಗೆ ಆಳು ಕಳಿಸಿದರೆ ಆ ಚಪ್ಪಾಳೆ ಯಾವನಿಗೆ ಬೇಕು?

ಸುಡೋದು ಬೇಡ. ಅವರು ಕರೆದಾಗ ಬಡಿಯೋದನ್ನು ನಿಲ್ಲಿಸೋಣ. ದಲಿತ ಸಂಘರ್ಷ ಸಮಿತಿ ಕಟ್ಟಿದ ದಿನಗಳಲ್ಲಿ, 1970, 80ರ ದಶಕಗಳಲ್ಲಿ, ಹೆಣದ ಮುಂದಿದ್ದ ಇದೇ ತಮಟೆ ಎದ್ದು ಬಂದು ಭೂಮಿ ಕೇಳುವವರ ಮುಂದೆ ನಡೆಯಿತು. ತೊಗಲು ಅದೇ, ಕೋಲೂ ಅದೇ. ಕೇಳಿದವರ ಎದೆಯಲ್ಲಿ ಎದ್ದ ನೆನಪು ಬೇರೆ.

ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಡ್ರಮ್ಮು ಬಡಿಸ್ತೀರಲ್ಲ, ಈ ಸಲ ತಮಟೆ ಬಡಿಸಿ. ಕೇರಿಯ ಹುಡುಗನ ಕೈಗೆ ಮಾತ್ರ ಕೊಡಬೇಡಿ. ಗೌಡರ ಮಗನ ಹೆಗಲಿಗೂ ಹಾಕಿ. ಅವನು ಮುಟ್ಟುತ್ತಾನೋ, ಅವನಪ್ಪ ಮುಟ್ಟಗೊಡುತ್ತಾನೋ, ನಮಗೆ ಬರೆದು ತಿಳಿಸಿ.