ಕಾರಿನೊಳಗಿನ ಹ್ಯಾಮ್ ರೇಡಿಯೊ – ಕೆಲವು ಅನುಭವ, ಒಂದು ಅಭಿಮತ

ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊದ ಗೀಳು ನನಗಿರುವುದು ಈ ಪುಟವನ್ನು ಓದುವ ನಿಮಗೆಲ್ಲ ಗೊತ್ತಿರುವ ವಿಷಯ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಪರೀಕ್ಷೆ ಬರೆದು ಪರವಾನಗಿಯನ್ನೂ ಪಡೆದಿದ್ದಾರೆ. ಅವರಿಂದ ಈಚೆಗೆ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಕಾರಿಗೆ ಒಂದು ಚಿಕ್ಕ ಡ್ಯುಯಲ್ ಬ್ಯಾಂಡ್ ಸೆಟ್ ಹಾಕಿಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು?"

ಒಂದು ಕಂಪೆನಿಯ ಹೆಸರು ಹೇಳಿ ಮುಗಿಸಿಬಿಡಬಹುದು. ಆದರೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಾರಿನಲ್ಲಿ ಇಂಥ ಸೆಟ್ಟನ್ನು ಇಟ್ಟುಕೊಂಡು ಓಡಾಡಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ನಿಂತಿದೆ. ವಾಹನದ ರೇಡಿಯೊವನ್ನು ಅದು ಎಷ್ಟು ಚಿಕ್ಕದು, ಎಷ್ಟು ವ್ಯಾಟಿನದು ಎಂಬುದರಿಂದ ಅಳೆಯಬಾರದು. ರಸ್ತೆಯಿಂದ ಕಣ್ಣು ತೆಗೆಯದೆ ಅದನ್ನು ಬಳಸಲಾದೀತೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಹಾಗೇಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಈ ವಿಷಯದ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ನಮ್ಮ ದೇಶದ ಹವ್ಯಾಸಿಗಳಿಗೆ ಕೊಟ್ಟಿರುವ ಹಲವು ಆವೃತ್ತಿ ಪಟ್ಟಿಗಳಲ್ಲಿ 144ರಿಂದ 146 ಮೆಗಾಹರ್ಟ್ಜ್ ಒಂದು, 434ರಿಂದ 438 ಮೆಗಾಹರ್ಟ್ಜ್ ಇನ್ನೊಂದು. ಈ ಎರಡರಲ್ಲಿಯೂ ಮಾತನಾಡಬಲ್ಲ ಸೆಟ್ಟಿಗೆ ಡ್ಯುಯಲ್ ಬ್ಯಾಂಡ್ ಎಂದು ಹೆಸರು. ತರಗತಿಯಲ್ಲಿ ಮಾಡಿಸುತ್ತಿದ್ದ ಲೆಕ್ಕವನ್ನು ನೆನಪಿಸಿಕೊಳ್ಳಿ: 300ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ತರಂಗದೂರ ಸಿಗುತ್ತದೆ. 145ಕ್ಕೆ ಸುಮಾರು 2.07 ಮೀಟರ್, 435ಕ್ಕೆ 0.69 ಮೀಟರ್. ಹ್ಯಾಮ್‌ಗಳು ಇವನ್ನು 'ಎರಡು ಮೀಟರ್', 'ಎಪ್ಪತ್ತು ಸೆಂಟಿಮೀಟರ್' ಎಂದು ಕರೆಯುತ್ತಾರೆ. 435 ಎಂಬುದು 145ರ ಸರಿಯಾಗಿ ಮೂರರಷ್ಟು. ಹೀಗಾಗಿ ಸುಮಾರು ಅರ್ಧ ಮೀಟರ್ ಉದ್ದದ ಒಂದೇ ಕಡ್ಡಿ ಮೊದಲನೆಯದಕ್ಕೆ ಕಾಲು ತರಂಗದ ಆಂಟೆನಾ ಆಗುತ್ತದೆ, ಎರಡನೆಯದಕ್ಕೆ ಮುಕ್ಕಾಲು ತರಂಗದ್ದಾಗುತ್ತದೆ. ಕಾರಿನ ನೆತ್ತಿಯ ಮೇಲಿನ ಒಂದು ಕಡ್ಡಿಯೇ ಎರಡಕ್ಕೂ ಒದಗುವುದರ ಹಿಂದಿರುವುದು ಈ ಸಣ್ಣ ಗುಣಾಕಾರ.

ಈ ಸೆಟ್ಟಿನಿಂದ ದೊರೆತ ಸುಖವನ್ನು ಮೊದಲು ಹೇಳಿಬಿಡುವುದು ನ್ಯಾಯ. ಎರಡು ಮೂರು ಕಾರುಗಳಲ್ಲಿ ಮಲೆನಾಡಿನ ಕಡೆಗೆ ಹೊರಟಾಗ ಮೊಬೈಲಿನ ಗೆರೆಗಳು ಒಂದೊಂದಾಗಿ ಅಳಿಸಿಹೋಗುವ ತಿರುವುಗಳಿವೆ. ಅಲ್ಲಿಯೂ ಹಿಂದಿನ ಕಾರಿನವರೊಡನೆ ಮಾತು ಕಡಿಯುವುದಿಲ್ಲ. ನಡುವೆ ಯಾವ ಗೋಪುರವೂ ಬೇಕಿಲ್ಲ, ಯಾವ ಕಂಪೆನಿಗೂ ಕಾಸು ಕಟ್ಟಬೇಕಿಲ್ಲ. ಎತ್ತರದ ಬೆಟ್ಟದ ಮೇಲೆ ರಿಪೀಟರ್ ಇದ್ದರೆ ಹತ್ತಾರು ಕಿಲೋಮೀಟರ್ ದೂರದವರೂ ಸಿಗುತ್ತಾರೆ. ಫೋನಿನ ಮಾತು ಇಬ್ಬರ ನಡುವಿನದು. ರೇಡಿಯೊದಲ್ಲಿ ಒಬ್ಬರು ಆಡಿದ್ದು ಆ ಚಾನೆಲ್ಲಿಗೆ ಕಿವಿಗೊಟ್ಟ ಎಲ್ಲರದೂ ಆಗುತ್ತದೆ. "ಮುಂದೆ ಮರ ಬಿದ್ದಿದೆ, ನಿಧಾನ" ಎಂದು ಮುಂದಿನವರು ಒಮ್ಮೆ ಹೇಳಿದರೆ ಸಾಕು, ಹಿಂದಿನವರೆಲ್ಲರೂ ಎಚ್ಚರಗೊಳ್ಳುತ್ತಾರೆ.

ಇನ್ನು ಕೊಳ್ಳುವವರನ್ನು ಮರುಳುಮಾಡುವ ಸಂಗತಿಗಳಿಗೆ ಬರುತ್ತೇನೆ. ಮೊದಲನೆಯದು ವ್ಯಾಟು. "ಐವತ್ತು ವ್ಯಾಟ್ ಇದೆ" ಎಂದು ಹೆಮ್ಮೆಯಿಂದ ಹೇಳುವವರೇ ಹೆಚ್ಚು. ಕೇಳುವವನ ಕಡೆಯ ಮೀಟರಿನಲ್ಲಿ ಮುಳ್ಳು ಒಂದು ಅಂಕ ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕೆಂಬುದು ಹವ್ಯಾಸಿಗಳು ಒಪ್ಪಿಕೊಂಡಿರುವ ಮಾನ. ಐವತ್ತು ವ್ಯಾಟನ್ನು ಹತ್ತಕ್ಕೆ ಇಳಿಸಿದರೆ ಐದನೆಯ ಒಂದು ಭಾಗವಾಯಿತು. ಎದುರಿನ ಮೀಟರಿನಲ್ಲಿ ಇಳಿಯುವುದು ಒಂದು ಅಂಕಕ್ಕಿಂತ ತುಸು ಹೆಚ್ಚು, ಅಷ್ಟೆ. ನಾನು ಹತ್ತು ವ್ಯಾಟಿನಲ್ಲಿ ಮಾತನಾಡುವಾಗ ನಿತ್ಯದ ಗೆಳೆಯರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ತಲೆಯ ಮೇಲೆಯೇ ಸುತ್ತುತ್ತಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2020ರಲ್ಲಿ ಕಳುಹಿಸಿದ ಹ್ಯಾಮ್ ಸೆಟ್ ಮೂಲತಃ ಕಾರಿಗಾಗಿಯೇ ಮಾಡಿದ ಡ್ಯುಯಲ್ ಬ್ಯಾಂಡ್ ರೇಡಿಯೊ. ಕೆನ್‌ವುಡ್ ಕಂಪೆನಿಯ ಟಿಎಂ-ಡಿ710 ಮಾದರಿಯನ್ನು ಅಲ್ಲಿಗೆ ತಕ್ಕಂತೆ ಮಾರ್ಪಡಿಸಿದ್ದು. ಆ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು ರಿಪೀಟರಾಗಿ ಚಾಲೂ ಮಾಡಿದರು. 145.990 ಮೆಗಾಹರ್ಟ್ಜ್‌ನಲ್ಲಿ ಕೇಳಿಸಿಕೊಂಡದ್ದನ್ನು 437.800ರಲ್ಲಿ ಮರಳಿ ಬಿತ್ತರಿಸುವ ವ್ಯವಸ್ಥೆ ಅದು. ಸುಮಾರು 400 ಕಿಲೋಮೀಟರ್ ಎತ್ತರದ ಆ ಕಿವಿಗೆ ಐದು ವ್ಯಾಟಿನ ಕೈಸೆಟ್ಟಿನಿಂದ ಮಾತನಾಡಿದವರಿದ್ದಾರೆ. ನಡುವೆ ಗುಡ್ಡವಿಲ್ಲ, ಕಟ್ಟಡವಿಲ್ಲ. ದಾರಿ ನಿಚ್ಚಳವಾಗಿದ್ದರೆ ಅಲ್ಪ ಶಕ್ತಿಯೇ ಧಾರಾಳ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅವರು ಅದೇ ನಿಲ್ದಾಣದಿಂದ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಹ್ಯಾಮ್ ರೇಡಿಯೊ ಮೂಲಕ ಮಾತನಾಡಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ನೆಲದ ಮೇಲಿನ ತೊಂದರೆ ಬೇರೆ ಬಗೆಯದು. ನಗರದಲ್ಲಿ ಅಲೆಗಳು ಕಟ್ಟಡಗಳಿಗೆ ಬಡಿದು ಮರಳಿ, ಒಂದರ ಮೇಲೊಂದು ಬಿದ್ದು, ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಸಿಗ್ನಲ್ ದೀಪದ ಬಳಿ ಕಾರು ನಿಂತಾಗ ಸ್ಪಷ್ಟವಾಗಿದ್ದ ಧ್ವನಿ ಫಕ್ಕನೆ ಮಾಯವಾಗುವುದುಂಟು. ಅರ್ಧ ಮೀಟರ್ ಮುಂದೆ ಸರಿದರೆ ಮತ್ತೆ ಬರುತ್ತದೆ. ಕಾಲು ತರಂಗದೂರದ ಮಹಿಮೆ ಅದು. ಓಡುವ ಕಾರಿನಲ್ಲಿ ಇದೇ ಪಟಪಟನೆ ಬಡಿಯುವ ಸದ್ದಾಗಿ ಕೇಳುತ್ತದೆ. ನಮ್ಮ ಸೆಟ್ಟಿನ ವ್ಯಾಟು ಹೆಚ್ಚಿಸಿದ ಮಾತ್ರಕ್ಕೆ ಎದುರಿನವರ ಧ್ವನಿ ನಮಗೆ ಸರಿಯಾಗಿ ಕೇಳಿಸದು.

ಎರಡನೆಯ ಆಕರ್ಷಣೆ ಗಾತ್ರ. ಯೇಸು ಕಂಪೆನಿಯ ಎಫ್‌ಟಿ-90 ಎಂಬ ಹಳೆಯ ಮಾದರಿಯೊಂದು 100 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಎತ್ತರ, 138 ಮಿಲಿಮೀಟರ್ ಉದ್ದದ್ದು. ಅಂಗೈಯಲ್ಲಿ ಕೂರುವ ಆ ಪೆಟ್ಟಿಗೆಯಲ್ಲಿ ಎರಡು ಮೀಟರ್ ಪಟ್ಟಿಗೆ 50 ವ್ಯಾಟನ್ನು ಅಡಗಿಸಿದ ತಂತ್ರಜ್ಞರ ಜಾಣ್ಮೆಗೆ ತಲೆದೂಗಲೇಬೇಕು. ಆದರೆ ಭೌತಶಾಸ್ತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 50 ವ್ಯಾಟ್ ಹೊರಹಾಕುವ ಸಾಮಾನ್ಯ ಸೆಟ್ ಒಂದು 13.8 ವೋಲ್ಟಿನಲ್ಲಿ ಸುಮಾರು 8.5 ಆಂಪಿಯರ್ ಎಳೆಯುತ್ತದೆ ಎನ್ನೋಣ. ಗುಣಿಸಿ ನೋಡಿ: 117 ವ್ಯಾಟ್ ಒಳಗೆ ಹೋಯಿತು, 50 ಆಂಟೆನಾಕ್ಕೆ ಹೋಯಿತು, ಉಳಿದ 67 ವ್ಯಾಟ್ ಪೆಟ್ಟಿಗೆಯಲ್ಲಿ ಶಾಖವಾಗಿ ಉಳಿಯಿತು. ಮೊದಲು ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಅರವತ್ತರ ಬಲ್ಬನ್ನು ಊಟದ ಡಬ್ಬಿಯೊಳಗೆ ಮುಚ್ಚಿಟ್ಟಂತೆ! ಪೆಟ್ಟಿಗೆ ಚಿಕ್ಕದಾದಷ್ಟೂ ಶಾಖ ಹೊರಹೋಗುವ ಮೈ ಕಡಿಮೆಯಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನನ್ನ ಸೆಟ್ಟನ್ನು ಪೂರ್ಣ ಶಕ್ತಿಯಲ್ಲಿ ಬಳಸಿದರೆ ಹತ್ತು ನಿಮಿಷಕ್ಕೆ ಅದರ ಬೆನ್ನು ಮುಟ್ಟಲಾಗದಂತೆ ಕಾಯುತ್ತಿತ್ತು.

ಶಾಖವನ್ನಾದರೂ ಸಹಿಸಬಹುದು. ನನ್ನ ನಿಜವಾದ ತಕರಾರು ಗುಂಡಿಗಳ ಬಗ್ಗೆ. ಮುಖಫಲಕ ಕಿರಿದಾದಂತೆ ಗುಂಡಿಗಳಿಗೆ ಜಾಗ ಉಳಿಯುವುದಿಲ್ಲ. ಹಾಗೆಂದು ಕೆಲಸಗಳನ್ನು ಯಾರೂ ಕಡಿಮೆಮಾಡುವುದಿಲ್ಲ. ಒಂದೇ ಗುಂಡಿಯನ್ನು ಮುಟ್ಟಿದರೆ ಒಂದು ಕೆಲಸ, ಒತ್ತಿ ಹಿಡಿದರೆ ಇನ್ನೊಂದು, ಬೇರೊಂದರ ನಂತರ ಒತ್ತಿದರೆ ಮೂರನೆಯದು. ಕೆಲವು ಸೆಟ್ಟುಗಳಲ್ಲಿ ಸಾವಿರ ಚಾನೆಲ್ಲುಗಳನ್ನು ನೆನಪಿಡುವ ಶಕ್ತಿಯಿದೆ, ನಲವತ್ತು ಐವತ್ತು ಬಗೆಯ ಹೊಂದಾಣಿಕೆಗಳಿವೆ. ಇವನ್ನೆಲ್ಲ ಓದಲು ಬೆರಳಗಲದ ಒಂದು ಪರದೆ. ಮೇಜಿನ ಮೇಲಾದರೆ ಇದು ಸೊಗಸು; ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ಕಲಿಯಬಹುದು. ರಸ್ತೆಯಲ್ಲಿ?

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಬೆಳಿಗ್ಗೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಚಾಲಕರು ನನ್ನ ಸ್ನೇಹಿತರು. ನಲವತ್ತು ವರ್ಷ ಸ್ಟೀರಿಂಗ್ ಹಿಡಿದು ಒಂದು ಗೀರೂ ಮಾಡದವರು, ರೇಡಿಯೊದಲ್ಲಿಯೂ ಪಳಗಿದವರು. ಸೆಟ್ ಅವರದೇ. ರಿಪೀಟರಿಗೆ ಬೇಕಾದ ಟೋನ್ ಹೇಗೋ ತಪ್ಪಿಹೋಗಿತ್ತು. ಸರಿಪಡಿಸಲು ಅವರು ಗುಂಡಿಯೊಂದನ್ನು ಒತ್ತಿ ಹಿಡಿದು ಪರದೆಯತ್ತ ಬಗ್ಗಿದರು. ತಲೆಯೆತ್ತುವಷ್ಟರಲ್ಲಿ ಕಾರು ನಡುಗೆರೆಯನ್ನು ದಾಟಿತ್ತು. ತಿರುವಿನಿಂದ ಟ್ಯಾಂಕರೊಂದು ಕಿವಿಗಡಚಿಕ್ಕುವಂತೆ ಹಾರನ್ ಹೊಡೆಯುತ್ತ ಮೇಲೇರಿ ಬರುತ್ತಿತ್ತು. ದೇವರ ದಯೆ, ಎಡಕ್ಕೆ ಜಾಗವಿತ್ತು. ಮುಂದೆ ಗುಂಡ್ಯ ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ಇಬ್ಬರು ಮೊಮ್ಮಕ್ಕಳಿದ್ದರು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಪರದೆ ನೋಡಿದರೆ 33 ಮೀಟರ್ ರಸ್ತೆಯನ್ನು ಕುರುಡಾಗಿ ದಾಟಿದ ಹಾಗೆ. ನಮ್ಮ ಶಾಲೆಯ ಜಗಲಿಯಷ್ಟು ಉದ್ದ!

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯು, ವಾಹನ ನಡೆಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು. ಹ್ಯಾಮ್ ಸೆಟ್ಟಿನ ಮೈಕನ್ನು ಕೈಯಲ್ಲಿಯೇ ಹಿಡಿಯುತ್ತೇವಲ್ಲವೇ? ಬ್ರಿಟನ್ನಿನ ನಿಯಮದಲ್ಲಿ ಮೊಬೈಲ್ ನಿಷೇಧದಿಂದ ದ್ವಿಮುಖ ರೇಡಿಯೊಗಳನ್ನು ಹೊರಗಿಟ್ಟಿದ್ದಾರೆಂದು ನಮ್ಮ ಹವ್ಯಾಸಿ ಮಿತ್ರರು ವಾದಿಸುವುದುಂಟು. ಇರಬಹುದು. ವಿನಾಯಿತಿ ದಂಡದಿಂದ ಉಳಿಸೀತು, ಟ್ಯಾಂಕರಿನಿಂದ ಉಳಿಸದು.

"ಈಗಿನ ಕಾರುಗಳಲ್ಲೇ ದೊಡ್ಡ ಪರದೆಗಳಿವೆಯಲ್ಲ, ರೇಡಿಯೊವನ್ನೇ ಏಕೆ ದೂರುತ್ತೀರಿ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ಕಾರಿನ ಪರದೆಯನ್ನು ಕಾರಿನ ಕಂಪೆನಿ ಇಟ್ಟಿದೆ. ರೇಡಿಯೊವನ್ನು ನಾವಾಗಿ ಕೊಂಡು, ನಾವಾಗಿ ತೂತು ಕೊರೆಸಿ ಕೂರಿಸುತ್ತೇವೆ. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ. ಅಲ್ಲದೆ ರೇಡಿಯೊ ಮೂಲತಃ ಕಿವಿಯ ವಿದ್ಯೆ. ಕಣ್ಣಿಲ್ಲದ ಹವ್ಯಾಸಿಗಳು ಲೋಕದ ತುಂಬ ಇದ್ದಾರೆ. ನಮಗಿಂತ ಚೆನ್ನಾಗಿ ಸೆಟ್ ನಡೆಸುವವರೂ ಅವರಲ್ಲಿದ್ದಾರೆ. ಅವರ ಕೈಗೆ ಒಗ್ಗುವ ಸೆಟ್ಟೇ ಚಾಲಕನಿಗೂ ಒಗ್ಗುವ ಸೆಟ್.

ಹಾಗಾದರೆ ಮಾಡಬೇಕಾದದ್ದೇನು? ಧ್ವನಿಗೆ ಒಂದು, ಚಾನೆಲ್ಲಿಗೆ ಒಂದು, ಹೀಗೆ ಬೇರೆ ಬೇರೆ ತಿರುಗುಗುಂಡಿಗಳಿರುವ ಸೆಟ್ಟನ್ನು ಆರಿಸಿಕೊಳ್ಳಿ. ಎರಡು ಬೆರಳು ಅಗಲ ಹೆಚ್ಚಾದರೂ ಚಿಂತೆಯಿಲ್ಲ. ಮುಖಫಲಕ ಕಳಚಿಬರುವಂಥದಾದರೆ ಪೆಟ್ಟಿಗೆಯನ್ನು ಗಾಳಿಯಾಡುವಂತೆ ಸೀಟಿನ ಕೆಳಗಿಟ್ಟು, ಫಲಕವನ್ನು ಮಾತ್ರ ಎದುರಿಗೆ ಕೂರಿಸಿ. ವಿದ್ಯುತ್ತನ್ನು ಸಿಗರೇಟ್ ಲೈಟರಿನ ತೂತಿನಿಂದ ಪಡೆಯಬೇಡಿ. ಅಷ್ಟು ಆಂಪಿಯರನ್ನು ಅದು ತಾಳದು. ದಪ್ಪ ತಂತಿಯನ್ನು ನೇರವಾಗಿ ಬ್ಯಾಟರಿಗೆ ಎಳೆದು, ಬ್ಯಾಟರಿಯ ಬಳಿಯೇ ಎರಡೂ ತಂತಿಗಳಿಗೆ ಫ್ಯೂಸ್ ಹಾಕಿಸಿ. ಆಂಟೆನಾವನ್ನು ಸಾಧ್ಯವಾದರೆ ಚಾವಣಿಯ ನಡುವೆ ನಿಲ್ಲಿಸಿ; ವ್ಯಾಟಿಗೆ ಸುರಿಯುವ ಹಣವನ್ನು ಅದಕ್ಕೆ ಹಾಕಿ. ಹೊರಡುವ ಮುನ್ನ ಮನೆಯಲ್ಲಿ ಕುಳಿತು, ದಾರಿಗೆ ಬೇಕಾದ ನಾಲ್ಕೈದು ಚಾನೆಲ್ಲುಗಳನ್ನು ಟೋನ್ ಸಹಿತ ತುಂಬಿಕೊಳ್ಳಿ. ಜೊತೆಯಲ್ಲಿ ಪರವಾನಗಿಯುಳ್ಳವರು ಇನ್ನೊಬ್ಬರಿದ್ದರೆ ಮೈಕನ್ನು ಅವರಿಗೆ ಒಪ್ಪಿಸಿ. ಒಬ್ಬರೇ ಇದ್ದರೆ ಕೇಳುತ್ತ ಸಾಗಿ. ಉತ್ತರಿಸಬೇಕೆನಿಸಿದಾಗ ಕಾರನ್ನು ಬದಿಗೆ ನಿಲ್ಲಿಸಿ. ಹ್ಯಾಮ್ ಬಳಗದವರು ಕಾಯುತ್ತಾರೆ. ಕಾಯುವುದು ಈ ಹವ್ಯಾಸದ ಹಳೆಯ ಸಂಸ್ಕಾರ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಸೆಟ್ಟನ್ನು ಮುಂದಿಟ್ಟುಕೊಂಡು, ಅರ್ಧ ಗಂಟೆ ಅಭ್ಯಾಸ ಮಾಡಿ, ಕಣ್ಣು ಮುಚ್ಚಿಕೊಳ್ಳಿ. ಧ್ವನಿ ತಗ್ಗಿಸಿ. ಚಾನೆಲ್ ಬದಲಿಸಿ. ಶಕ್ತಿಯನ್ನು ಇಳಿಸಿ. ಮೊದಲಿನ ಚಾನೆಲ್ಲಿಗೆ ಹಿಂತಿರುಗಿ. ನಾಲ್ಕೂ ತಡವರಿಸದೆ ಆದರೆ ಧೈರ್ಯವಾಗಿ ಕೊಳ್ಳಿ. ಆಗದಿದ್ದರೆ ಅದು ಎಷ್ಟೇ ಚೆಲುವಾದ ಯಂತ್ರವಾಗಿರಲಿ, ಮನೆಯ ಮೇಜಿನ ಮೇಲಿರಲಿ. ಅಂಗಡಿಯವರು ನಕ್ಕರೆ ನಗಲಿ ಬಿಡಿ.