ತೇಜಾಬಿನ ಡಬ್ಬಿಗೆ ಕನ್ನಡ ಬೇಡವೇ?



ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಬೇಕೆಂದು ಹೋರಾಡಿದೆವು. ಬ್ಯಾಂಕಿನ ಚಲನ್ನಿನಲ್ಲಿ, ರೈಲ್ವೆ ಫಾರ್ಮಿನಲ್ಲಿ ಕನ್ನಡ ಬೇಕೆಂದು ಮನವಿ ಕೊಟ್ಟೆವು. ಒಳ್ಳೆಯದೇ ಆಯಿತು. ಆದರೆ ಎಲ್ಲಿ ಕನ್ನಡ ಇಲ್ಲದಿದ್ದರೆ ಮನುಷ್ಯನ ಕಣ್ಣೇ ಹೋಗುತ್ತದೆಯೋ ಅಲ್ಲಿಗೆ ನಮ್ಮ ಲಕ್ಷ್ಯ ಇನ್ನೂ ಹೋಗಿಲ್ಲ. ನಾನು ಹೇಳುತ್ತಿರುವುದು ಆಸಿಡ್ ಡಬ್ಬಿಯ ಮಾತು. ನಮ್ಮ ಕಡೆಯ ಹಿರಿಯರು ತೇಜಾಬ್ ಎನ್ನುವುದು ಇದಕ್ಕೇ.

ವಿಜಯಪುರ ಶಹರದಲ್ಲಿ ಇದು ಎಲ್ಲಿಲ್ಲ? ಬ್ಯಾಟರಿ ಅಂಗಡಿಯಲ್ಲಿ ಗಂಧಕಾಮ್ಲ, ಕಿರಾಣಿ ಅಂಗಡಿಯಲ್ಲಿ ಪಾಯಖಾನೆ ತೊಳೆಯುವ ಆಸಿಡ್, ಬಂಗಾರದ ಕೆಲಸದವರಲ್ಲಿ ನೈಟ್ರಿಕ್ ಆಸಿಡ್. ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ದ್ರಾಕ್ಷಿ ತೋಟದ ಪಂಪ್‌ಸೆಟ್ ಮನೆಯೊಳಗೂ ಕ್ಯಾನು ಕೂತಿರುತ್ತದೆ. ನಮ್ಮ ಬೋರಿನ ನೀರು ಗಡಸು. ಡ್ರಿಪ್ಪಿನ ತೂತುಗಳಲ್ಲಿ ಬಿಳಿ ಸುಣ್ಣದ ಪದರು ಕಟ್ಟುತ್ತದೆ, ಬಳ್ಳಿಗೆ ನೀರು ಬರುವುದಿಲ್ಲ. ಆ ಸುಣ್ಣ ಕರಗಿಸಲು ಹೈಡ್ರೋಕ್ಲೋರಿಕ್ ಇಲ್ಲವೇ ಫಾಸ್ಫರಿಕ್ ಆಸಿಡ್ಡನ್ನು ವೆಂಚುರಿಯಿಂದ ಪೈಪಿಗೆ ಬಿಡುತ್ತಾರೆ. ಕೆಲಸ ಸರಿಯಾದದ್ದೇ. ಮಾಡುವವರು ಯಾರು? ತೋಟದ ಧಣಿಯಲ್ಲ. ತಾಂಡಾದಿಂದ ಬಂದ ಹುಡುಗ, ಇಲ್ಲವೇ ಪಗಾರಿಗೆ ಇದ್ದ ಆಳು. ಐದನೆಯದೋ ಏಳನೆಯದೋ ಕನ್ನಡ ಶಾಲೆಯಲ್ಲಿ ಓದಿದವನು. ಅವನ ಕೈಗೆ ಬರುವ ಕ್ಯಾನಿನ ಮೇಲೆ ಇಂಗ್ಲಿಷು, ಬಹಳವಾದರೆ ಹಿಂದಿ!

ನಾನು ಪಿಯುಸಿಯವರೆಗೆ ಓದಿದವನು, ಪ್ರಿಂಟಿಂಗ್ ಪ್ರೆಸ್ಸು ನಡೆಸುವವನು. ಆಸಿಡ್ಡಿಗೂ ಪ್ರೆಸ್ಸಿಗೂ ಹಳೆಯ ನಂಟು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರ ಅಚ್ಚಾಗಬೇಕಾದರೆ ಸತುವಿನ ಬ್ಲಾಕ್ ಬೇಕಾಗಿತ್ತು. ಆ ತಗಡನ್ನು ಕೊರೆಯುತ್ತಿದ್ದುದು ನೈಟ್ರಿಕ್ ಆಸಿಡ್. ಅದರಿಂದ ಕಂದು ಹೊಗೆ ಏಳುತ್ತದೆ. ಆ ಹೊಗೆಯ ಗುಣ ಕೇಳಿ: ಕುಡಿದಾಗ ಒಂದಿಷ್ಟು ಕೆಮ್ಮು ಬಂದು ನಿಲ್ಲುತ್ತದೆ, ಮನುಷ್ಯ ಮನೆಗೆ ಹೋಗಿ ಉಂಡು ಮಲಗುತ್ತಾನೆ, ತಾಸುಗಳ ನಂತರ ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಸಿಗದಂತಾಗುತ್ತದೆ. ಅದಕ್ಕೇ ಕಂದು ಹೊಗೆ ಕುಡಿದವನನ್ನು, ಆರಾಮ ಇದ್ದಾನೆಂದು ಕಂಡರೂ, ಒಂದು ದಿನ ದವಾಖಾನೆಯಲ್ಲಿ ಇಡಬೇಕು.

ಇನ್ನು ಗಂಧಕಾಮ್ಲ. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ, ಗಟ್ಟಿ ಗಂಧಕಾಮ್ಲ ಒಂದು ಲೀಟರಿಗೆ 1.84 ಕಿಲೋ ತೂಗುತ್ತದೆ. ನೀರು ಕಂಡರೆ ಹಸಿದ ಹುಲಿಯಂತೆ ಎರಗುತ್ತದೆ. ಆಸಿಡ್ಡಿನ ಮೇಲೆ ನೀರು ಸುರಿದರೆ ಹಗುರಾದ ನೀರು ಮೇಲೆಯೇ ನಿಂತು, ಅಲ್ಲೇ ಕುದಿದು, ಆಸಿಡ್ಡನ್ನೂ ಹೊತ್ತುಕೊಂಡು ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ಮೊದಲು ಬಕೀಟಿನಲ್ಲಿ ನೀರು, ಆಮೇಲೆ ಸಾವಕಾಶ, ಸ್ವಲ್ಪಸ್ವಲ್ಪವಾಗಿ ಆಸಿಡ್. ಯಾವ ಆಸಿಡ್ ಆದರೂ ಇದೇ ಕ್ರಮ. ಇಷ್ಟೊಂದು ಮಾತನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಲು ಎಷ್ಟು ಜಾಗ ಬೇಕು ಸ್ವಾಮಿ? ಎರಡು ಸಾಲು! ಅದೇ ಪ್ಲೇಟು, ಅದೇ ಮಸಿ, ಅದೇ ಓಟ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲೇಬಲ್ ಅಚ್ಚು ಹಾಕಿದವನಾಗಿ ಹೇಳುತ್ತೇನೆ, ಖರ್ಚಿನ ನೆವ ಸುಳ್ಳು.

ಕಾಯ್ದೆ ಏನನ್ನುತ್ತದೆ ನೋಡಿ. ಕೀಟನಾಶಕಕ್ಕೆ 1971ರ ನಿಯಮಗಳಿವೆ. ಅದರ ಲೇಬಲ್ಲು, ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಮಾರುವ ಪ್ರದೇಶದ ಭಾಷೆಯಲ್ಲೂ ಇರಬೇಕು. (ಅಕ್ಷರ ಇರುವೆ ಗಾತ್ರದಲ್ಲಿರುತ್ತವೆ, ಆ ಮಾತು ಬೇರೆ.) ಆದರೆ ಪೊಟ್ಟಣದ ಸಾಮಾನಿಗೆಲ್ಲ ಅನ್ವಯಿಸುವ ಕೇಂದ್ರದ 2011ರ ನಿಯಮಕ್ಕೆ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಬೇಕಾದರೆ ಸೇರಿಸಿಕೊಳ್ಳಿ ಎಂಬ ಔದಾರ್ಯ ಬೇರೆ! ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕರ್ನಾಟಕದಲ್ಲಿ ತಯಾರಾದ ಸಾಮಾನಿನ ಮೇಲೆ ಹೆಸರು, ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. 2025ರಲ್ಲಿ ಸರಕಾರ ಆದೇಶವನ್ನೂ ಹೊರಡಿಸಿತು. ಆದರೆ ಗಡಿಯಲ್ಲಿರುವ ನಮಗೆ ಸಾಮಾನು ಗಡಿಯಾಚೆಯಿಂದಲೂ ಬರುತ್ತದೆ. ಅದಕ್ಕೆ ಈ ಕಾಯ್ದೆ ಮುಟ್ಟುವುದಿಲ್ಲ. ಕಳೆ ಔಷಧಿಗೆ ಕನ್ನಡ ಬೇಕು, ಎಲುಬು ಕಾಣುವಂತೆ ಸುಡುವ ಆಸಿಡ್ಡಿಗೆ ಬೇಡ ಎಂದರೆ ಇದು ಯಾವ ನ್ಯಾಯ?

ಮಾರಾಟದ ಮೇಲೂ ಅಂಕೆ ಇರಬೇಕಾದದ್ದೇ. ದಿಲ್ಲಿಯ ಲಕ್ಷ್ಮಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರ ಜುಲೈ 18ರಂದು ಹೇಳಿತು: ಬಿಡಿಯಾಗಿ ಮಾರುವವನು ರಜಿಸ್ಟರ್ ಇಡಬೇಕು, ಕೊಳ್ಳುವವನ ಫೋಟೊ ಗುರುತುಪತ್ರ ನೋಡಬೇಕು, ಕಾರಣ ಕೇಳಬೇಕು, 18 ವರ್ಷ ತುಂಬದವರಿಗೆ ಕೊಡಕೂಡದು, ದಾಸ್ತಾನನ್ನು ಉಪವಿಭಾಗಾಧಿಕಾರಿಗೆ ತಿಳಿಸಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಇಷ್ಟಾದರೂ 2024ರ ಮಾರ್ಚಿನಲ್ಲಿ ಕಡಬದ ಸರಕಾರಿ ಕಾಲೇಜಿನ ಆವರಣದಲ್ಲೇ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ಬಿತ್ತು. ನಿಮ್ಮ ಓಣಿಯ ಅಂಗಡಿಯಲ್ಲಿ ಆ ರಜಿಸ್ಟರ್ ಕೇಳಿ ನೋಡಿ.

ಕ್ಯಾನಿನ ಮೇಲೆ ಇರಬೇಕಾಗಿದ್ದು, ಇರದೇ ಇರುವುದನ್ನು ಇಲ್ಲಿಯೇ ಬರೆಯುತ್ತೇನೆ. ಕತ್ತರಿಸಿ ಪಂಪ್‌ಸೆಟ್ ಮನೆಯ ಗೋಡೆಗೆ ಅಂಟಿಸಿ. ರಬ್ಬರ್ ಕೈಚೀಲ, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಗಮ್ ಬೂಟು ಇಲ್ಲದೆ ಮುಚ್ಚಳ ತೆಗೆಯಬೇಡಿ. ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ. ತಗಡು, ಅಲ್ಯೂಮಿನಿಯಂ ಪಾತ್ರೆಗೆ ಹಾಕಬೇಡಿ. ತೂತು ಬೀಳುತ್ತದೆ, ಬೆಂಕಿ ಹತ್ತುವ ಅನಿಲವೂ ಹುಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಇಟ್ಟ ಕೋಣೆಯಲ್ಲಿ ಇಡಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದದ್ದು ಅದೇ. ಪಾಯಖಾನೆ ತೊಳೆಯುವ ತಾಯಂದಿರೂ ಇದನ್ನು ನೆನಪಿಡಬೇಕು. ಎಲ್ಲಕ್ಕಿಂತ ಮುಖ್ಯ, ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದು ಇಡಲೇಬೇಡಿ. ಬೇಸಿಗೆಯಲ್ಲಿ ಬಾಯಾರಿದವನು ಬಾಟಲಿ ನೋಡುತ್ತಾನೆಯೇ ಹೊರತು ವಾಸನೆ ನೋಡುವುದಿಲ್ಲ.

ಮೈಮೇಲೆ ಬಿದ್ದರೆ? ತಕ್ಷಣ ಬಟ್ಟೆ ಕಿತ್ತು ಹಾಕಿ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ತೋಟದಲ್ಲಿ ಪೈಪು ಇದ್ದೇ ಇರುತ್ತದೆ, ಕರೆಂಟಿನ ಭರವಸೆ ಇಲ್ಲದ್ದರಿಂದ ಒಂದು ಬ್ಯಾರಲ್ ನೀರು ತುಂಬಿಟ್ಟುಕೊಂಡೇ ಕೆಲಸ ಶುರು ಮಾಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯಬೇಕು. ಸುಣ್ಣ, ಸೋಡಾ, ಅರಿಷಿಣ, ಟೂತ್‌ಪೇಸ್ಟ್ ಯಾವುದೂ ಬೇಡ. ಕುಡಿದವನಿಗೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ. 108ಕ್ಕೆ ಫೋನು ಮಾಡಿ, ಡಬ್ಬಿಯನ್ನು ಡಾಕ್ಟರಿಗೆ ತೋರಿಸಲು ಜೊತೆಗೇ ಒಯ್ಯಿರಿ.

ಓದು ಬರದವರೂ ಇದ್ದಾರಲ್ಲ ಎಂದು ಕೆಲವರು ಕೇಳುತ್ತಾರೆ. ಅವರಿಗಾಗಿ ಚಿತ್ರವಿದೆ: ನಳಿಗೆಯಿಂದ ಹನಿ ಬಿದ್ದು ಕೈಯನ್ನೂ ಲೋಹವನ್ನೂ ತಿನ್ನುವ ಗುರುತು. ಟ್ಯಾಂಕರುಗಳ ಹಿಂದೆ ನೀವು ನೋಡಿರಬಹುದು. ಆದರೆ ಆ ಚಿತ್ರದ ಅರ್ಥವನ್ನೂ ಯಾರಾದರೂ ಒಮ್ಮೆ ಕನ್ನಡದಲ್ಲಿಯೇ ಹೇಳಿಕೊಡಬೇಕಲ್ಲವೇ?

ಜಿಲ್ಲಾಧಿಕಾರಿಗಳಿಗೆ, ತಿಕೋಟಾ ಮತ್ತು ಬಬಲೇಶ್ವರದ ತಹಶೀಲ್ದಾರರಿಗೆ ನಮ್ಮ ಬೇಡಿಕೆ ಒಂದೇ. ಜಿಲ್ಲೆಯಲ್ಲಿ ಮಾರುವ ಪ್ರತಿ ಆಸಿಡ್ ಡಬ್ಬಿಯ ಮೇಲೆ, ಅದು ಎಲ್ಲೇ ತಯಾರಾಗಿರಲಿ, ಅಂಗಡಿಯವನೇ ಕನ್ನಡದ ಚೀಟಿ ಅಂಟಿಸಿ ಮಾರುವಂತೆ ವ್ಯವಸ್ಥೆ ಮಾಡಿರಿ. ಚೀಟಿ ಮಾತ್ರ ಕಾಗದದ್ದಾಗಬಾರದು. ಆಸಿಡ್ಡಿನ ಹಬೆ ಮೊದಲು ತಿನ್ನುವುದೇ ಕಾಗದವನ್ನು ಮತ್ತು ಅಂಟನ್ನು. ಪ್ಲಾಸ್ಟಿಕ್ ಸ್ಟಿಕರ್ ಆಗಬೇಕು, ಅಕ್ಷರ ಒಂದು ಮಾರು ದೂರದಿಂದ ಕಾಣುವಷ್ಟು ದಪ್ಪಗಿರಬೇಕು. ಎರಡೂ ತಾಲೂಕಿನ ಅಂಗಡಿಕಾರರು ನನ್ನ ಪ್ರೆಸ್ಸಿಗೆ ಬರಲಿ. ಕಂಪೋಸಿಂಗಿಗೆ ಒಂದು ಪೈಸೆ ಕೇಳುವುದಿಲ್ಲ, ಸ್ಟಿಕರ್ ಹಾಳೆಯ ಖರ್ಚು ಮಾತ್ರ ಅವರದು.