ಯಂತ್ರವು ಉಳಿಯಲಿ, ವ್ಯವಸ್ಥೆಯು ನವೀಕರಣಗೊಳ್ಳಲಿ

ಗ್ರಂಥಾಲಯ, ಶಾಲೆ, ಸಹಕಾರ ಸಂಘಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿಜ್ಞಾಪನೆ



2025ನೆಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಭದ್ರತಾ ಪೋಷಣೆಯನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ, ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯನ್ನೋ ಅದರ ಅನಂತರದ್ದನ್ನೋ ಅಪೇಕ್ಷಿಸುವುದರಿಂದ, 2016ರ ಸುಮಾರಿಗೆ ಕೊಂಡ, ಇಂದಿಗೂ ಯಾವ ಭಾಗದಲ್ಲಿಯೂ ಊನವಿಲ್ಲದ ಅಸಂಖ್ಯ ಕಂಪ್ಯೂಟರುಗಳು ಅನರ್ಹವೆನಿಸಿಕೊಂಡು ಗುಜರಿ ಅಂಗಡಿಯ ಹಾದಿ ಹಿಡಿದಿವೆ. ಸಾರ್ವಜನಿಕರ ಹಣದಿಂದ ಕೊಂಡ ವಸ್ತುವನ್ನು ಹೀಗೆ ಕಳೆದುಕೊಳ್ಳುವ ಮುನ್ನ ತಾವು ಒಂದಿಷ್ಟು ಆಲೋಚಿಸಬೇಕೆಂದು ಪ್ರಾರ್ಥಿಸುವುದಕ್ಕಾಗಿ ಈ ಕರಪತ್ರವನ್ನು ಹೊರಡಿಸಿದ್ದೇವೆ.

ನಮ್ಮ ವಾದವು ಸರಳವಾದುದು. ಕಂಪ್ಯೂಟರಿನಲ್ಲಿ ಬೇಗ ಜೀರ್ಣವಾಗುವುದು ಆಪರೇಟಿಂಗ್ ಸಿಸ್ಟಮೇ ಹೊರತು ಯಂತ್ರವಲ್ಲ. ಆದಕಾರಣ ಕಾಲಕಾಲಕ್ಕೆ ಬದಲಾಯಿಸತಕ್ಕದ್ದು ಆಪರೇಟಿಂಗ್ ಸಿಸ್ಟಮನ್ನು, ಉಳಿಸಿಕೊಳ್ಳತಕ್ಕದ್ದು ಯಂತ್ರವನ್ನು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಿ ತಲೆಮಾರುಗಳ ಕಾಲ ಮನೆಯನ್ನು ಕಾಪಾಡಿಕೊಂಡು ಬಂದ ನಮ್ಮ ಜನಕ್ಕೆ ಈ ವಿವೇಕವು ಹೊಸದಲ್ಲ. ಆದರೆ ನಮ್ಮ ಸಂಸ್ಥೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತೀರ ವಿಪರೀತವಾದ ಆಚರಣೆ: ಕಚೇರಿಯ ಮೂಲೆಯಲ್ಲಿರುವ ಸರ್ವರಿನ ವ್ಯವಸ್ಥೆಯನ್ನು, ಕೆಲಸ ನಡೆಯುತ್ತಿದೆಯಲ್ಲ ಎಂಬ ಒಂದೇ ಕಾರಣದಿಂದ, ವರ್ಷಾನುವರ್ಷ ಯಾರೂ ಮುಟ್ಟುವುದಿಲ್ಲ, ಪಕ್ಕದ ಕೋಣೆಯ ಗಟ್ಟಿಮುಟ್ಟಾದ ಕಂಪ್ಯೂಟರುಗಳನ್ನಾದರೋ ಲೆಕ್ಕಪುಸ್ತಕದಲ್ಲಿ ಸವಕಳಿ ಮುಗಿಯಿತೆಂದು ಹರಾಜಿಗಿಡುತ್ತೇವೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡ 40ರ ಸವಕಳಿಯುಂಟು; ಐದು ವರ್ಷಗಳಲ್ಲಿ ಅದರ ಪುಸ್ತಕಬೆಲೆಯು ಕೊಂಡ ಬೆಲೆಯ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಯಂತ್ರದ ಸಾಮರ್ಥ್ಯವು ಹಾಗೆ ಇಳಿಯುವುದಿಲ್ಲ.

ಮುಟ್ಟದೆ ಬಿಟ್ಟ ಸರ್ವರಿನಿಂದ ಒದಗುವ ಅಪಾಯವು ಕಲ್ಪಿತವಾದುದಲ್ಲ. 2017ನೆಯ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಕಡತ ಹಂಚಿಕೆಯ ಭಾಗದಲ್ಲಿದ್ದ ಒಂದು ದೋಷಕ್ಕೆ ಪರಿಹಾರವನ್ನು ಪ್ರಕಟಿಸಿತು; ಮೇ 12ರಂದು ಅದೇ ದೋಷದ ಮಾರ್ಗವಾಗಿ ವಾನಾಕ್ರೈ ಎಂಬ ಹಾನಿಕಾರಕ ತಂತ್ರಾಂಶವು ಜಗತ್ತಿನಾದ್ಯಂತ ಹಬ್ಬಿ, ಕಡತಗಳಿಗೆ ಬೀಗಹಾಕಿ ಒತ್ತೆಹಣವನ್ನು ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಹಸ್ರಾರು ರೋಗಿಗಳ ಭೇಟಿಗಳು ರದ್ದಾದವು. ಪರಿಹಾರವು ಎರಡು ತಿಂಗಳ ಮೊದಲೇ ಕೈಗೆಟುಕುವಂತಿದ್ದರೂ ಅದನ್ನು ಅಳವಡಿಸುವ ಶ್ರಮವನ್ನು ವಹಿಸದಿದ್ದವರೇ ಆ ದಿನ ಬಹುಪಾಲು ನೊಂದವರು. ಇನ್ನು, ಪರಿಹಾರಗಳೇ ಬಾರದ ವ್ಯವಸ್ಥೆಯನ್ನು ನಂಬಿ ಕುಳಿತವರ ಸ್ಥಿತಿಯನ್ನು ಹೇಳತಕ್ಕದ್ದೇನಿದೆ? ವಿಂಡೋಸ್ ಸರ್ವರ್ 2012ರ ಪೋಷಣೆಯು 2023ನೆಯ ಅಕ್ಟೋಬರ್ 10ಕ್ಕೆ ಮುಗಿಯಿತು. ಸೆಂಟ್‌ಓಎಸ್ 7ರದು 2024ನೆಯ ಜೂನ್ 30ಕ್ಕೆ. ತಮ್ಮ ಸರ್ವರಿನಲ್ಲಿರುವುದು ಇವುಗಳಲ್ಲಿ ಒಂದೇ ಎಂಬುದನ್ನು ದಯಮಾಡಿ ಇಂದೇ ವಿಚಾರಿಸಿ ತಿಳಿಯಿರಿ.

ವಿಂಡೋಸ್ 11 ಒಲ್ಲೆನೆಂದ ಕಂಪ್ಯೂಟರಿಗೆ ಅನ್ಯಗತಿಯಿಲ್ಲವೆಂದು ಭಾವಿಸಬೇಕಾಗಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಎಂಬುವರು ಆರಂಭಿಸಿದ, ಇಂದಿಗೂ ಸ್ವಯಂಸೇವಕರೇ ನಡೆಸಿಕೊಂಡು ಬರುತ್ತಿರುವ ಡೆಬಿಯನ್ ಎಂಬ, ಲಿನಕ್ಸ್ ಆಧಾರದ ಸ್ವತಂತ್ರ ಆಪರೇಟಿಂಗ್ ಸಿಸ್ಟಂ ಹಣ ಕೊಡದೆಯೇ ದೊರೆಯುತ್ತದೆ. ಅದರ ಸ್ಥಾಪನೆಯ ಪರದೆಯಲ್ಲಿ ಕನ್ನಡವನ್ನೇ ಆರಿಸಿಕೊಳ್ಳಲು ಅವಕಾಶವುಂಟು. ಸುಮಾರು ಎರಡು ವರ್ಷಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ ಒಟ್ಟು ಐದು ವರ್ಷಗಳ ಭದ್ರತಾ ಪೋಷಣೆಯಿರುತ್ತದೆ. 13ನೆಯ ಆವೃತ್ತಿಯು 2025ನೆಯ ಆಗಸ್ಟ್ 9ರಂದು ಬಿಡುಗಡೆಯಾಯಿತು. ಚಿತ್ರಪರದೆಯ ಸೌಕರ್ಯಗಳನ್ನು ಬಿಟ್ಟು ಕೇವಲ ಸರ್ವರಾಗಿ ನಡೆಸಿದರೆ ಅದಕ್ಕೆ 1 ಜಿಬಿ ಸ್ಮೃತಿಯು ಸಾಕು. ಅನರ್ಹವೆನಿಸಿಕೊಂಡ ಯಂತ್ರಗಳಲ್ಲಿ 4 ಜಿಬಿಯೋ 8 ಜಿಬಿಯೋ ಇರುವುದು ಸಾಮಾನ್ಯ.

ಅಂಥ ಒಂದು ಯಂತ್ರದಿಂದ ಗ್ರಂಥಾಲಯವೊಂದು ಏನನ್ನು ಪಡೆಯಬಹುದೆಂಬುದಕ್ಕೆ ಕೊಹಾ ತಂತ್ರಾಂಶವೇ ನಿದರ್ಶನ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಪ್ರಾಂತದ ಗ್ರಂಥಾಲಯಗಳಲ್ಲಿದ್ದ ಹಳೆಯ ವ್ಯವಸ್ಥೆಯು 2000ನೆಯ ಇಸವಿಯನ್ನು ದಾಟಲಾರದೆಂದು ತಿಳಿದಾಗ, ಅಲ್ಲಿನ ಆಡಳಿತಗಾರರು ದುಬಾರಿಯಾದ ಬದಲಿಯೊಂದನ್ನು ಕೊಳ್ಳದೆ, ತಮಗೆ ಬೇಕಾದುದನ್ನು ತಾವೇ ಬರೆಯಿಸಿ, ಬರೆಯಿಸಿದ್ದನ್ನು ಜಗತ್ತಿಗೆಲ್ಲ ಮುಕ್ತವಾಗಿ ಬಿಟ್ಟುಕೊಟ್ಟರು. 2000ದ ಜನವರಿಯಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿದ ಆ ತಂತ್ರಾಂಶವು ಇಂದು ಭಾರತದ ಅನೇಕ ಕಾಲೇಜುಗಳ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಪುಸ್ತಕ ಸೂಚಿಯನ್ನೂ, ಎರವಲಿನ ಲೆಕ್ಕವನ್ನೂ ನೋಡಿಕೊಳ್ಳುತ್ತಿದೆ. ತಾಲ್ಲೂಕು ಕೇಂದ್ರದ ಕಾಲೇಜಿನ ಗ್ರಂಥಾಲಯವೊಂದಕ್ಕೆ ಡೆಬಿಯನ್ ಹಾಕಿದ ಹಳೆಯ ಕಂಪ್ಯೂಟರಿನಲ್ಲಿ ಇದನ್ನು ನಡೆಸುವುದು ಅಸಾಧ್ಯದ ಮಾತಲ್ಲ. ನೆರೆಯ ಕೇರಳ ರಾಜ್ಯದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ಪಾಠ ನಡೆಸುತ್ತಿರುವಾಗ, ನಮ್ಮವರಿಗೆ ಇದು ದುಸ್ಸಾಧ್ಯವೆಂದು ನಂಬಲು ನಮಗೆ ಯಾವ ಕಾರಣವೂ ಕಾಣುವುದಿಲ್ಲ.

ಲೆಕ್ಕಪತ್ರದ ತಂತ್ರಾಂಶವು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆಂಬ ಆಕ್ಷೇಪವು ನ್ಯಾಯವಾದುದು. ಆ ಕೆಲಸಕ್ಕೆ ಪೋಷಣೆಯುಳ್ಳ ವಿಂಡೋಸ್ ಯಂತ್ರವೊಂದನ್ನು ಇಟ್ಟುಕೊಳ್ಳಿ. ಕಡತಗಳ ಸಂಗ್ರಹ, ನಿತ್ಯದ ಬ್ಯಾಕಪ್, ಗ್ರಂಥಸೂಚಿ, ಇವು ಹಳೆಯ ಯಂತ್ರಕ್ಕೆ ಹೋಗಲಿ. ಸಾಂಬಾ ಎಂಬ ತಂತ್ರಾಂಶವಿದ್ದರೆ ಲಿನಕ್ಸ್ ಸರ್ವರಿನ ಕಡತಕೋಶವು ವಿಂಡೋಸ್ ಕಂಪ್ಯೂಟರುಗಳಿಗೂ ತೆರೆದುಕೊಳ್ಳುತ್ತದೆ.

ವಿದ್ಯುತ್ತಿನ ಆಕ್ಷೇಪವು ಇದಕ್ಕಿಂತ ಗಹನವಾದುದು. ಹಗಲಿರುಳೂ ನಡೆಯುವ ಸರ್ವರು 100 ವಾಟ್ ಬಳಸಿದರೆ ವರ್ಷಕ್ಕೆ 876 ಯೂನಿಟ್ ಖರ್ಚಾಗುತ್ತದೆ. 25 ವಾಟ್ ಬಳಸಿದರೆ 219 ಯೂನಿಟ್ ಮಾತ್ರ. ಆದುದರಿಂದ ಹಳೆಯದೆಲ್ಲವೂ ಉಳಿಯತಕ್ಕದ್ದೆಂದು ನಾವು ಹೇಳುವುದಿಲ್ಲ. ಪೆಂಟಿಯಂ 4 ಕಾಲದ ಯಂತ್ರವು ಬಿಸಿಗಾಳಿಯನ್ನೂ ವಿದ್ಯುತ್ ಬಿಲ್ಲನ್ನೂ ಹೆಚ್ಚಿಸುತ್ತದೆಯೇ ಹೊರತು ಅನ್ಯ ಪ್ರಯೋಜನವಿಲ್ಲ. ಅಲ್ಲದೆ 32 ಬಿಟ್ ಪ್ರೊಸೆಸರಿನ ಯಂತ್ರಗಳಿಗೆ ಡೆಬಿಯನ್ 13ರಲ್ಲಿ ಸ್ಥಾಪನೆಯ ಅವಕಾಶವೇ ಇಲ್ಲ. ರೆಡ್ ಹ್ಯಾಟ್ ಸಂಸ್ಥೆಯ ಲಿನಕ್ಸಿನ 10ನೆಯ ಆವೃತ್ತಿಯಂತೂ 2013ರಲ್ಲಿ ಬಂದ ಹ್ಯಾಸ್ವೆಲ್ ಪೀಳಿಗೆಗಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳಲ್ಲಿ ನಡೆಯುವುದಿಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕೊಂಡ ಸಣ್ಣ ಮಾದರಿಯ ಕಚೇರಿ ಕಂಪ್ಯೂಟರುಗಳೇ ಈ ಕೆಲಸಕ್ಕೆ ಉತ್ತಮ.

ತಯಾರಿಕೆಯಲ್ಲಿ ಆಗಲೇ ವ್ಯಯವಾದ ಸಂಪತ್ತನ್ನೂ ತೂಗಿ ನೋಡಬೇಕು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಂದಿನ ಒಂದು ಮೇಜಿನ ಕಂಪ್ಯೂಟರನ್ನೂ ಅದರ 17 ಅಂಗುಲದ ಪರದೆಯನ್ನೂ ನಿರ್ಮಿಸಲು 240 ಕಿಲೋ ಇಂಧನವೂ, 22 ಕಿಲೋ ರಾಸಾಯನಿಕಗಳೂ, ಒಂದೂವರೆ ಟನ್ ನೀರೂ ಬೇಕಾಗಿದ್ದವು. ಯಂತ್ರವನ್ನು ಎಸೆದ ಬಳಿಕ ಇವು ಮರಳಿ ಬರುವುದಿಲ್ಲ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಉತ್ಪಾದಿಸಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಕ್ಕೆ ದಾಖಲೆಯಿರುವುದು ಶೇಕಡ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ವರದಿಯೇ ಹೇಳುತ್ತದೆ. ಉಳಿದುದರಲ್ಲಿ ಎಷ್ಟೋ ಭಾಗವು ಕೈಗವಸಿಲ್ಲದ ಬಡವರು ಆಮ್ಲದಲ್ಲಿ ಅದ್ದಿ, ತಂತಿ ಸುಟ್ಟು, ತಾಮ್ರ ತೆಗೆಯುವ ಗಲ್ಲಿಗಳಿಗೆ ಸೇರುತ್ತದೆ. ನಮ್ಮ ಹರಾಜಿನ ರಸೀದಿಯು ಆ ಗಲ್ಲಿಯ ಹೊಗೆಗೆ ನಾವು ಹೊಣೆಯಲ್ಲವೆಂದು ಸಾರಲಾರದು.

ಇನ್ನು ಕಾರ್ಯದ ವಿಧಾನ. ಮೊದಲು ಯಂತ್ರದ ಧೂಳು ತೆಗೆಸಿ, ಮೆಮ್‌ಟೆಸ್ಟ್ ತಂತ್ರಾಂಶದಿಂದ ಒಂದು ರಾತ್ರಿಯಿಡೀ ಸ್ಮೃತಿಯನ್ನು ಪರೀಕ್ಷಿಸಿರಿ. ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎರಡು ಹೊಸ ಎಸ್‌ಎಸ್‌ಡಿಗಳನ್ನು, ಒಂದು ಇನ್ನೊಂದರ ಪ್ರತಿಬಿಂಬವಾಗಿರುವಂತೆ, ಕೂಡಿಸಿರಿ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಾಯಿಸಿ, ಯುಪಿಎಸ್ ಇಲ್ಲದೆ ಸರ್ವರನ್ನು ನಡೆಸಕೂಡದೆಂಬ ನಿಯಮವನ್ನು ಇಟ್ಟುಕೊಳ್ಳಿರಿ. ಕಚೇರಿಯ ಕಂಪ್ಯೂಟರಿನಲ್ಲಿ ನಿಜವಾದ ಸರ್ವರಿಗಿರುವ ಜೋಡಿ ವಿದ್ಯುತ್ ಪೂರೈಕೆಯಾಗಲಿ, ದೋಷವನ್ನು ತಾನೇ ತಿದ್ದಿಕೊಳ್ಳುವ ಸ್ಮೃತಿಯಾಗಲಿ ಇರುವುದಿಲ್ಲ. ಆದಕಾರಣ ಒಂದನ್ನೇ ನಂಬದೆ, ಎರಡನೆಯ ಹಳೆಯ ಯಂತ್ರವನ್ನು ಬೇರೊಂದು ಕಟ್ಟಡದಲ್ಲಿ ಬ್ಯಾಕಪ್ಪಿಗಾಗಿ ಇಡತಕ್ಕದ್ದು.

ಹಳೆಯ ಯಂತ್ರದ ಪರಮ ಪ್ರಯೋಜನವೆಂದರೆ, ನಮ್ಮ ಅಭಿಪ್ರಾಯದಲ್ಲಿ, ಅದು ಅಪ್‌ಗ್ರೇಡಿನ ಅಭ್ಯಾಸಭೂಮಿಯಾಗಬಲ್ಲುದೆಂಬುದು. ಸರ್ವರನ್ನು ಮುಟ್ಟಲು ನಮ್ಮ ಸಿಬ್ಬಂದಿ ಅಂಜುವುದು ಸೋಮಾರಿತನದಿಂದಲ್ಲ, ಕೆಟ್ಟರೆ ಸಂಸ್ಥೆಯ ಕೆಲಸವೇ ನಿಂತೀತೆಂಬ ಭಯದಿಂದ. ಬ್ಯಾಕಪ್ಪನ್ನು ಹಳೆಯ ಯಂತ್ರಕ್ಕೆ ಇಳಿಸಿ, ಅಲ್ಲಿ ಡೆಬಿಯನ್ 11ರಿಂದ 12ಕ್ಕೂ, 12ರಿಂದ 13ಕ್ಕೂ ಒಂದೊಂದೇ ಮೆಟ್ಟಿಲು ಏರಿ (ನಡುವಣ ಆವೃತ್ತಿಯನ್ನು ಬಿಟ್ಟು ಹಾರುವುದಕ್ಕೆ ಡೆಬಿಯನ್ನಿನವರ ಸಮ್ಮತಿಯಿಲ್ಲ), ಎಲ್ಲಿ ತೊಡಕಾಯಿತೆಂಬುದನ್ನು ಬರೆದಿಟ್ಟುಕೊಂಡು, ಆಮೇಲೆ ರಜೆಯ ದಿನವೊಂದರಲ್ಲಿ ನಿಜವಾದ ಸರ್ವರಿಗೆ ಕೈಹಚ್ಚಿದರೆ, ಆ ಭಯವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಬ್ಯಾಕಪ್ಪು ನಿಜವಾಗಿ ಮರಳಿ ಬರುತ್ತದೆಯೇ ಎಂಬ ಪರೀಕ್ಷೆಯೂ ಜೊತೆಯಲ್ಲಿಯೇ ಆಗಿಹೋಗುತ್ತದೆ.

ಆದುದರಿಂದ ನಮ್ಮ ಪ್ರಾರ್ಥನೆ ಇಷ್ಟು. ತಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪರೀಕ್ಷಿಸದೆ ಯಾವ ಕಂಪ್ಯೂಟರನ್ನೂ ಹರಾಜಿಗಿಡಕೂಡದೆಂದೂ, ಪೋಷಣೆ ಮುಗಿದ ಯಾವ ವ್ಯವಸ್ಥೆಯೂ ತಮ್ಮ ಸರ್ವರಿನಲ್ಲಿ ಆರು ತಿಂಗಳ ಮೇಲೆ ಉಳಿಯಕೂಡದೆಂದೂ, ನಿಜವಾಗಿ ನಿರುಪಯುಕ್ತವಾದ ಯಂತ್ರವು ಡಿಸ್ಕನ್ನು ಅಳಿಸಿದ ಬಳಿಕ ನೋಂದಾಯಿತ ಮರುಬಳಕೆದಾರರಿಗೇ ಹೋಗತಕ್ಕದ್ದೆಂದೂ ಠರಾವು ಮಾಡಿರಿ. ಓದಿದ ಮೇಲೆ ಈ ಪತ್ರವನ್ನು ತಮ್ಮ ಊರಿನ ಇನ್ನೊಂದು ಸಂಸ್ಥೆಯ ಕಾರ್ಯದರ್ಶಿಗಳ ಕೈಗೆ ತಲುಪಿಸಿರಿ.